ಬೀಗ ಸುಲಭ, ಬೀಗದ ಕೈ ಕಷ್ಟ

ಕಾವೇರಿ ತೀರದ ರುದ್ರಪಟ್ಣದವರಾದ ಪಂಡಿತ ಆರ್. ಶಾಮಾಶಾಸ್ತ್ರಿಗಳು 1912ರಿಂದ 1918ರವರೆಗೆ ಬೆಂಗಳೂರಿನ ಶ್ರೀ ಚಾಮರಾಜೇಂದ್ರ ಸಂಸ್ಕೃತ ಪಾಠಶಾಲೆಯ ಮುಖ್ಯಸ್ಥರಾಗಿದ್ದರು. ಅದಕ್ಕೂ ಮುಂಚೆ ಅವರು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದಾಗ, 1905ರಲ್ಲಿ, ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದುಕೊಟ್ಟ ಗ್ರಂಥಲಿಪಿಯ ಓಲೆಗರಿ ಕಟ್ಟು ಅವರ ಕೈಗೆ ಬಂದಿತ್ತು. ಅದು ಹೆಸರು ಮಾತ್ರ ಉಳಿದು ಮೂಲ ಕಳೆದುಹೋಗಿದೆ ಎಂದು ವಿದ್ವಾಂಸರು ಭಾವಿಸಿದ್ದ ಕೌಟಿಲ್ಯನ ಅರ್ಥಶಾಸ್ತ್ರ. 1909ರಲ್ಲಿ ಮೂಲ ಅಚ್ಚಾಯಿತು. ಅದರ ಇಂಗ್ಲಿಷ್ ಅನುವಾದ 1915ರಲ್ಲಿ ಬೆಂಗಳೂರಿನ ಸರ್ಕಾರಿ ಮುದ್ರಣಾಲಯದಿಂದ ಹೊರಬಂತು. ಕನ್ನಡ ಸಾಹಿತ್ಯ ಪರಿಷತ್ತು ಬೆಂಗಳೂರಿನಲ್ಲಿ ಹುಟ್ಟಿದ್ದೂ ಅದೇ ವರ್ಷ. ಪಾಠಶಾಲೆ, ಪರಿಷತ್ತು ಎರಡೂ ಇಂದು ಚಾಮರಾಜಪೇಟೆಯಲ್ಲಿವೆ.

ಅರ್ಥಶಾಸ್ತ್ರವೆಂದರೆ ತೆರಿಗೆ, ಸೈನ್ಯ, ಗೂಢಚಾರಿಕೆಗಳ ಪುಸ್ತಕವೆಂದೇ ಪ್ರಸಿದ್ಧಿ. ಆದರೆ ಅದರೊಳಗೆ ಇನ್ನೊಂದು ಸೂಕ್ಷ್ಮ ವಿಚಾರವಿದೆ. ದೂರದಲ್ಲಿರುವ ಇಬ್ಬರು ಮೂರನೆಯವರಿಗೆ ತಿಳಿಯದಂತೆ ಮಾತನಾಡುವುದು ಹೇಗೆ? ಬಂದ ಮಾತು ನಿಜವಾಗಿಯೂ ಹೇಳಿಕೊಂಡವನಿಂದಲೇ ಬಂದಿದೆ ಎಂದು ತಿಳಿಯುವುದು ಹೇಗೆ? ಇವು ಒಂದೇ ಪ್ರಶ್ನೆಯಂತೆ ಕಂಡರೂ ಎರಡು ಬೇರೆ ಬೇರೆ ಪ್ರಶ್ನೆಗಳು. ಇಂದು ಕಂಪ್ಯೂಟರುಗಳ ನಡುವಿನ ಪ್ರತಿಯೊಂದು ರಹಸ್ಯ ಸಂಭಾಷಣೆಯೂ ಈ ಎರಡಕ್ಕೂ ಉತ್ತರ ಕೊಟ್ಟ ಮೇಲೆಯೇ ಆರಂಭವಾಗುತ್ತದೆ.

ಕೌಟಿಲ್ಯ ಮೊದಲನೆಯದಕ್ಕೆ ಸಂಜ್ಞಾಲಿಪಿಯನ್ನು ಹೇಳುತ್ತಾನೆ. ಗೂಢಚಾರ ಸಂಸ್ಥೆಗಳ ಶಿಷ್ಯರು ಸುದ್ದಿಯನ್ನು ಸಂಕೇತ ಬರಹದಲ್ಲಿ ಸಾಗಿಸಬೇಕು. ಒಂದು ಸಂಸ್ಥೆಯ ಗುರುತು ಇನ್ನೊಂದಕ್ಕೆ ಇರಬಾರದು. ಎರಡನೆಯದಕ್ಕೆ ಅವನ ಉತ್ತರ ಬೇರೆ: ಪರಸ್ಪರ ಪರಿಚಯವಿಲ್ಲದ ಮೂವರು ಒಂದೇ ಸುದ್ದಿ ತಂದರೆ ಮಾತ್ರ ನಂಬಬೇಕು. ಪ್ರಯಾಣಿಕರಿಗಾಗಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯನ್ನೂ ಅವನು ನೇಮಿಸುತ್ತಾನೆ. ಒಂದು ಮಾಷಕ ಪಡೆದು ರಹದಾರಿ ಮುದ್ರೆ ಕೊಡುವುದು ಆ ಅಧಿಕಾರಿಯ ಕೆಲಸ. ಮುದ್ರೆಯಿಲ್ಲದೆ ಸಿಕ್ಕಿಬಿದ್ದ ನಾಡಿಗನಿಗೆ 12 ಪಣ ದಂಡ. ಸುಳ್ಳು ಮುದ್ರೆ ತಂದವನಿಗೆ ಅದಕ್ಕಿಂತ ಹೆಚ್ಚು. ಗುರುತಿಲ್ಲದಿರುವುದಕ್ಕಿಂತ ಸುಳ್ಳು ಗುರುತು ದೊಡ್ಡ ಅಪರಾಧವೆಂಬುದು ಆ ರಾಜನೀತಿಜ್ಞನಿಗೆ ಚೆನ್ನಾಗಿ ತಿಳಿದಿತ್ತು.

ಮೂರು ಉಂಗುರಗಳು

ಪಂಡಿತರಿಗಷ್ಟೇ ತಿಳಿದಿದ್ದ ವಿಷಯವಲ್ಲ ಇದು. ರಾಮನವಮಿ ಬಂತೆಂದರೆ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳಲ್ಲಿ ಪಾನಕ ಕೋಸಂಬರಿಯ ಜೊತೆಗೆ ರಾಮಕಥೆ ಕೇಳಿ ಬೆಳೆದವರಿಗೆಲ್ಲ ಇದರ ಸಾರ ಗೊತ್ತು. ಚಾಮರಾಜಪೇಟೆಯಲ್ಲಿ ಶ್ರೀರಾಮ ಸೇವಾ ಮಂಡಳಿಯ ರಾಮನವಮಿ ಉತ್ಸವಕ್ಕೆ 1939ರಿಂದಲೇ ಇತಿಹಾಸವಿದೆ. ರಾಮಕಥೆಯಲ್ಲಿ ಸುಂದರಕಾಂಡ ಬಂದಾಗ ಕೇಳುವವರು ಕಿವಿ ನಿಮಿರಿಸುವುದು ಅಶೋಕವನದ ಪ್ರಸಂಗಕ್ಕೆ.

ಲಂಕೆಗೆ ಬಂದ ಹನುಮಂತನನ್ನು ಸೀತೆ ಕಂಡ ಕೂಡಲೇ ನಂಬುವುದಿಲ್ಲ. ಸನ್ಯಾಸಿಯ ವೇಷಕ್ಕೆ ಒಮ್ಮೆ ಮೋಸಹೋದವಳು ಅವಳು. ಇವನೂ ರಾವಣನೇ ಇರಬಹುದು. ಆದ್ದರಿಂದ ರಾಮಲಕ್ಷ್ಮಣರ ಲಕ್ಷಣಗಳನ್ನು ಹೇಳು ಎಂದು ಕೇಳುತ್ತಾಳೆ. ಹನುಮಂತ ಹೇಳಿದ ಮೇಲೆ ರಾಮನ ಹೆಸರಿದ್ದ ಉಂಗುರವನ್ನು ಕೊಡುತ್ತಾನೆ. ಅಲ್ಲಿಗೆ ಅರ್ಧ ಕೆಲಸವಾಯಿತು. ಹನುಮಂತ ಕಂಡದ್ದು ಸೀತೆಯನ್ನೇ ಎಂದು ರಾಮನಿಗೂ ತಿಳಿಯಬೇಕಲ್ಲ? ಅದಕ್ಕೆ ಸೀತೆ ಚೂಡಾಮಣಿಯನ್ನು ಬಿಚ್ಚಿ ಕೊಡುತ್ತಾಳೆ. ಅಷ್ಟಕ್ಕೇ ನಿಲ್ಲದೆ, ಚಿತ್ರಕೂಟದಲ್ಲಿ ಕಾಗೆಯೊಂದು ತನ್ನನ್ನು ಕುಕ್ಕಿದ ಸಂಗತಿಯನ್ನೂ, ತಿಲಕ ಅಳಿಸಿದಾಗ ರಾಮ ಮಣಿಶಿಲೆಯಿಂದ ತನ್ನ ಕೆನ್ನೆಯ ಮೇಲೆ ತಿದ್ದಿದ ಸಂಗತಿಯನ್ನೂ ಹೇಳಿಕಳಿಸುತ್ತಾಳೆ. ಒಡವೆ ಕದಿಯಬಹುದು, ಇಬ್ಬರೇ ಇದ್ದಾಗ ನಡೆದದ್ದನ್ನು ಮೂರನೆಯವನು ಕದಿಯಲಾರ.

ಇಲ್ಲಿ ಎರಡೂ ಕಡೆಯವರು ಪರಸ್ಪರ ಗುರುತನ್ನು ಸಾಬೀತು ಮಾಡುತ್ತಾರೆ. ಕೈಯಲ್ಲಿರುವ ವಸ್ತು ಒಂದು ಸಾಕ್ಷಿ, ಮನಸ್ಸಿನಲ್ಲಿರುವ ಗುಟ್ಟು ಇನ್ನೊಂದು. ಬ್ಯಾಂಕಿನ ಎಟಿಎಂನಲ್ಲಿ ಕಾರ್ಡು ಮತ್ತು ಗುಪ್ತಸಂಖ್ಯೆ ಎರಡನ್ನೂ ಕೇಳುವುದು ಇದೇ ನ್ಯಾಯದಿಂದ. ಸಂಸ್ಕೃತದಲ್ಲಿ ಇಂಥ ಗುರುತಿಗೆ ಅಭಿಜ್ಞಾನವೆಂದು ಹೆಸರು.

ಒಂದೇ ವಸ್ತುವನ್ನು ನಂಬಿದರೆ ಏನಾಗುತ್ತದೆಂಬುದಕ್ಕೆ ಇನ್ನೆರಡು ಉಂಗುರಗಳ ಕಥೆಗಳಿವೆ. ಶಕುಂತಲೆಯ ಉಂಗುರ ನೀರಿಗೆ ಬಿತ್ತು. ಅದರೊಂದಿಗೆ ಅವಳ ಗುರುತೂ ಹೋಯಿತು. ವಿಶಾಖದತ್ತನ ಮುದ್ರಾರಾಕ್ಷಸದಲ್ಲಿ ಅಮಾತ್ಯ ರಾಕ್ಷಸನ ಮುದ್ರೆಯುಂಗುರ ಚಾಣಕ್ಯನ ಕೈಸೇರಿತು. ರಾಕ್ಷಸನ ಆಪ್ತನಿಂದಲೇ ಓಲೆ ಬರೆಸಿ, ರಾಕ್ಷಸನದೇ ಮುದ್ರೆ ಒತ್ತಿ, ಅವನನ್ನು ಅವನ ಮಿತ್ರನಾದ ಮಲಯಕೇತುವಿನಿಂದ ಚಾಣಕ್ಯ ದೂರ ಮಾಡಿದ. ಈ ಕಥೆಯನ್ನು ಕೆಂಪುನಾರಾಯಣ 1823ರಲ್ಲಿ ಮುದ್ರಾಮಂಜೂಷವೆಂಬ ಗದ್ಯಕೃತಿಯಾಗಿ ಕನ್ನಡಕ್ಕೆ ತಂದ. ತಲುಪಿದ ಉಂಗುರ, ಕಳೆದ ಉಂಗುರ, ಶತ್ರುವಿನ ಕೈಸೇರಿದ ಉಂಗುರ. ಗುರುತಿನ ವಿಜ್ಞಾನ ಇಂದಿಗೂ ಈ ಮೂರು ಸಂದರ್ಭಗಳ ಸುತ್ತಲೇ ತಿರುಗುತ್ತಿದೆ.

ವಿಶ್ವೇಶ್ವರಪುರದ ಅಂಕೆಗಳು

ಬಸವನಗುಡಿಗೆ ಹೊಂದಿಕೊಂಡಿರುವ ವಿಶ್ವೇಶ್ವರಪುರದ ಸರ್ವಾರ್ಥಸಿದ್ಧಿ ಸಂಘ 1953ರಲ್ಲಿ ಒಂದು ವಿಚಿತ್ರ ಗ್ರಂಥದ ಭಾಗವನ್ನು ಪ್ರಕಟಿಸಿತು. ಜೈನ ಮುನಿ ಕುಮುದೇಂದುವಿನ ಹೆಸರಿನಲ್ಲಿರುವ ಸಿರಿಭೂವಲಯ ಅದು. ಪಂಡಿತ ಯಲ್ಲಪ್ಪ ಶಾಸ್ತ್ರಿಗಳ ಬಳಿಯಿದ್ದ ಪ್ರತಿಯನ್ನು ಓದುವ ಕೆಲಸದಲ್ಲಿ ಕರ್ಲಮಂಗಲಂ ಶ್ರೀಕಂಠಯ್ಯನವರೂ ಕನ್ನಡ ಬೆರಳಚ್ಚು ಯಂತ್ರಕ್ಕೆ ಹೆಸರಾದ ಕೆ. ಅನಂತಸುಬ್ಬರಾಯರೂ ಸೇರಿದ್ದರು. ಗ್ರಂಥದಲ್ಲಿ ಅಕ್ಷರಗಳಿಲ್ಲ, ಬರೀ ಅಂಕೆಗಳು. ಅಡ್ಡಕ್ಕೆ 27, ಉದ್ದಕ್ಕೆ 27, ಒಟ್ಟು 729 ಮನೆಗಳ ಚೌಕ. ಪ್ರತಿ ಮನೆಯಲ್ಲೂ 1ರಿಂದ 64ರವರೆಗಿನ ಒಂದು ಸಂಖ್ಯೆ. ಪ್ರತಿ ಸಂಖ್ಯೆಗೂ ಒಂದು ಧ್ವನಿ.

ಸಂಖ್ಯೆಗೆ ಧ್ವನಿ ಹಚ್ಚಿದ ಮಾತ್ರಕ್ಕೆ ಓದಲಾಗುವುದಿಲ್ಲ. ಎಲ್ಲಿಂದ ಹೊರಟು, ಯಾವ ಮನೆಯಿಂದ ಯಾವ ಮನೆಗೆ ಹಾರಬೇಕು ಎಂಬ ಕ್ರಮ ತಿಳಿದಿರಬೇಕು. ಈ ಕ್ರಮಕ್ಕೆ ಬಂಧವೆಂದು ಹೆಸರು; ಚಕ್ರಬಂಧ, ಶ್ರೇಣಿಬಂಧ ಹೀಗೆ ಹಲವು. ಬಂಧ ಬದಲಾದರೆ ಓದೂ ಬದಲಾಗುತ್ತದೆ. ಕುಮುದೇಂದುವಿನ ಕಾಲ, ಗ್ರಂಥದ ಪ್ರಾಚೀನತೆ, 718 ಭಾಷೆಗಳು ಇದರಲ್ಲಿ ಅಡಗಿವೆಯೆಂಬ ಹೇಳಿಕೆ, ಇವುಗಳ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕೆಲವರು ಒಂಬತ್ತನೆಯ ಶತಮಾನವೆಂದರೆ, ಹಲವರು ಅದನ್ನು ಬಹಳ ಈಚಿನದೆಂದು ಕಾಣುತ್ತಾರೆ.

ಆ ವಿವಾದ ಹೇಗೇ ಇರಲಿ, ಸಿರಿಭೂವಲಯ ಕಲಿಸುವ ಪಾಠ ಒಂದಿದೆ. ಇಲ್ಲಿ ಬೀಗ ಉಳಿದಿದೆ. ಸಂಖ್ಯೆಗಳು ಕಣ್ಣೆದುರಿಗೇ ಇವೆ. ಬಂಧದ ತಿಳಿವಳಿಕೆ ಮಾತ್ರ ಒಬ್ಬರಿಂದ ಒಬ್ಬರಿಗೆ ಬಾಯಿಂದ ಕಿವಿಗೆ ದಾಟಬೇಕು. ಆ ಸರಪಳಿಯ ಒಂದು ಕೊಂಡಿ ಕಳಚಿದರೆ ಗ್ರಂಥ ತನ್ನ ವಾರಸುದಾರರಿಗೂ ಬೀಗ ಹಾಕಿದ ಮನೆಯಾಗುತ್ತದೆ. ಬೀಗ ಮಾಡುವುದು ಜಾಣತನದ ಕೆಲಸವಾದರೆ, ಬೀಗದ ಕೈಯನ್ನು ತಕ್ಕವನಿಗೆ ತಲುಪಿಸುವುದು ಅದಕ್ಕಿಂತ ಕಷ್ಟದ ಕೆಲಸ.

1883ರಲ್ಲಿ ಆಗುಸ್ಟ್ ಕೆರ್ಕಾಫ್ಸ್ ಎಂಬ ಭಾಷಾ ಪ್ರಾಧ್ಯಾಪಕ ಫ್ರಾನ್ಸಿನ ಸೈನಿಕ ಪತ್ರಿಕೆಯೊಂದರಲ್ಲಿ ಇದನ್ನೇ ನಿಯಮವಾಗಿ ಹೇಳಿದ. ಬೀಗದ ರಚನೆ ಶತ್ರುವಿಗೆ ತಿಳಿದರೂ ಚಿಂತೆಯಿಲ್ಲ. ಬೀಗದ ಕೈ ಮಾತ್ರ ಗುಟ್ಟಾಗಿದ್ದರೆ ಸಾಕು ಎನ್ನುವಂತಿರಬೇಕು ಗೂಢಲಿಪಿ. ಅಂದಿನಿಂದ ಎಲ್ಲರ ಗಮನವೂ ಬೀಗದ ಕೈ ಮೇಲೆ ನೆಟ್ಟಿತು.

ತಂತಿಯ ಕಾಲದ ಗುಟ್ಟು

ಗುಟ್ಟಿನ ಸಂಖ್ಯೆಯನ್ನು ಹಂಚುವ ಕಷ್ಟ ಬ್ಯಾಂಕುಗಳಿಗೆ ದಿನನಿತ್ಯದ್ದಾಗಿತ್ತು. ತಂತಿಯ ಮೂಲಕ ಹಣ ಕಳಿಸುವ ಪದ್ಧತಿ ಇದ್ದ ಕಾಲದಲ್ಲಿ, ಬೆಂಗಳೂರಿನ ಶಾಖೆಗೆ ಬಂದ ತಂತಿಯನ್ನು ನಿಜವಾಗಿಯೂ ಬೊಂಬಾಯಿಯ ಶಾಖೆಯೇ ಕಳಿಸಿದೆ ಎಂದು ಗುಮಾಸ್ತನಿಗೆ ತಿಳಿಯುವುದು ಹೇಗೆ? ತಂತಿಗೆ ಸಹಿಯಿಲ್ಲ. ಅದಕ್ಕಾಗಿ ಪ್ರತಿ ತಂತಿಯಲ್ಲೂ ಒಂದು ಪರೀಕ್ಷಾ ಸಂಖ್ಯೆ ಇರುತ್ತಿತ್ತು. ಹಣದ ಮೊತ್ತ, ತಾರೀಖು ಮೊದಲಾದವುಗಳಿಗೆ ಗುಪ್ತ ಪಟ್ಟಿಯೊಂದರಲ್ಲಿದ್ದ ಅಂಕೆಗಳನ್ನು ಕೂಡಿ ಆ ಸಂಖ್ಯೆ ಹೊರಡುತ್ತಿತ್ತು. ಇಲ್ಲಿಯ ಅಧಿಕಾರಿ ತನ್ನ ಬೀರುವಿನಲ್ಲಿದ್ದ ಪಟ್ಟಿ ತೆಗೆದು ಲೆಕ್ಕಹಾಕಿ, ಉತ್ತರ ಕೂಡಿಬಂದರೆ ಮಾತ್ರ ಹಣ ಕೊಡುತ್ತಿದ್ದ. ಭಾರತದಲ್ಲಿ ತಂತಿ ಸೇವೆ 2013ರ ಜುಲೈನಲ್ಲಿ ನಿಂತುಹೋಯಿತು.

ಆ ಪಟ್ಟಿಯನ್ನು ಮೊದಲು ತಲುಪಿಸಬೇಕಲ್ಲ? ಅದನ್ನು ತಂತಿಯಲ್ಲಿ ಕಳಿಸುವಂತಿಲ್ಲ. ಮೊಹರು ಮಾಡಿದ ಲಕೋಟೆಯಲ್ಲಿ ನಂಬಿಕಸ್ಥರ ಕೈಯಲ್ಲೇ ಹೋಗಬೇಕು. ಪ್ರತಿ ಜೋಡಿಗೂ ಬೇರೆ ಗುಟ್ಟು ಬೇಕೆಂದರೆ ಲೆಕ್ಕ ಹನುಮಂತನ ಬಾಲವಾಗುತ್ತದೆ. 10 ಶಾಖೆಗಳಿಗೆ 45 ಗುಟ್ಟುಗಳು ಸಾಕು. 100 ಶಾಖೆಗಳಿಗೆ 4,950. 1,000 ಶಾಖೆಗಳಿಗೆ ಸುಮಾರು 5 ಲಕ್ಷ. ಎಂದೂ ಭೇಟಿಯಾಗದ ಇಬ್ಬರು ಎಲ್ಲರೂ ಕೇಳಿಸಿಕೊಳ್ಳುತ್ತಿರುವಾಗಲೇ ಗುಟ್ಟೊಂದನ್ನು ಹಂಚಿಕೊಳ್ಳಲು ಸಾಧ್ಯವೇ? ಸಾವಿರಾರು ವರ್ಷ ಈ ಪ್ರಶ್ನೆಗೆ ಉತ್ತರ ಒಂದೇ ಆಗಿತ್ತು: ಸಾಧ್ಯವಿಲ್ಲ.

1976ರಲ್ಲಿ ಅಮೆರಿಕದ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ ಸಾಧ್ಯವೆಂದು ತೋರಿಸಿದರು. ರಾಲ್ಫ್ ಮರ್ಕಲ್ ಕೂಡ ಅದೇ ದಾರಿಯಲ್ಲಿ ಯೋಚಿಸಿದ್ದ. ಬ್ರಿಟನ್ನಿನ ಗೂಢಚಾರ ಇಲಾಖೆಯಲ್ಲಿ ಜೇಮ್ಸ್ ಎಲ್ಲಿಸ್, ಕ್ಲಿಫರ್ಡ್ ಕಾಕ್ಸ್, ಮಾಲ್ಕಮ್ ವಿಲಿಯಮ್ಸನ್ ಇದಕ್ಕೂ ಕೆಲವು ವರ್ಷ ಮೊದಲೇ ಇದನ್ನು ಕಂಡುಕೊಂಡಿದ್ದರೆಂಬುದು 1997ರಲ್ಲಷ್ಟೇ ಹೊರಬಿತ್ತು.

ಈ ಉಪಾಯವನ್ನು ಸಣ್ಣ ಲೆಕ್ಕದಲ್ಲಿ ನೋಡಬಹುದು. ಬಸವನಗುಡಿಯ ಅಕ್ಕ, ಮಲ್ಲೇಶ್ವರದ ತಮ್ಮ ಪೋಸ್ಟ್ ಕಾರ್ಡಿನಲ್ಲೇ ವ್ಯವಹರಿಸುತ್ತಾರೆ ಎನ್ನೋಣ. ಕಾರ್ಡನ್ನು ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. 3 ಮತ್ತು 17 ಎಂಬ ಎರಡು ಸಂಖ್ಯೆಗಳು ಎಲ್ಲರಿಗೂ ತಿಳಿದಿವೆ. ಅಕ್ಕ ಮನಸ್ಸಿನಲ್ಲಿ 4 ಎಂದುಕೊಳ್ಳುತ್ತಾಳೆ. ನಾಲ್ಕು ಮೂರುಗಳನ್ನು ಗುಣಿಸಿದರೆ 81. ಅದನ್ನು 17ರಿಂದ ಭಾಗಿಸಿದರೆ ಶೇಷ 13. ಅವಳು 13 ಎಂದು ಬರೆದು ಕಳಿಸುತ್ತಾಳೆ. ತಮ್ಮ ಮನಸ್ಸಿನಲ್ಲಿ 7 ಎಂದುಕೊಂಡು, ಏಳು ಮೂರುಗಳನ್ನು ಗುಣಿಸಿ, ಬಂದ 2,187ನ್ನು 17ರಿಂದ ಭಾಗಿಸಿ, ಶೇಷ 11ನ್ನು ಬರೆದು ಕಳಿಸುತ್ತಾನೆ. ಈಗ ಅಕ್ಕ ನಾಲ್ಕು 11ಗಳನ್ನು ಗುಣಿಸಿ 17ರಿಂದ ಭಾಗಿಸಿದರೆ ಶೇಷ 4. ತಮ್ಮ ಏಳು 13ಗಳನ್ನು ಗುಣಿಸಿ 17ರಿಂದ ಭಾಗಿಸಿದರೂ ಶೇಷ 4. ಕಾರ್ಡಿನಲ್ಲಿ ಎಂದೂ ಬರೆಯದ ಸಂಖ್ಯೆಯೊಂದು ಇಬ್ಬರ ಕೈಯಲ್ಲೂ ಹುಟ್ಟಿತು. ಅದೇ ಬೀಗದ ಕೈ.

17ರಷ್ಟು ಪುಟ್ಟ ಸಂಖ್ಯೆಯಾದರೆ ಮಗುವೂ ಹುಡುಕಿಬಿಡುತ್ತದೆ. ಆದರೆ 17ರ ಜಾಗದಲ್ಲಿ ಆರುನೂರು, ಒಂಬೈನೂರು ಅಂಕಿಗಳ ಸಂಖ್ಯೆಯನ್ನಿಟ್ಟರೆ, ಶೇಷವನ್ನು ನೋಡಿ ಮನಸ್ಸಿನ ಸಂಖ್ಯೆಯನ್ನು ಹಿಂದಕ್ಕೆ ಹುಡುಕುವುದು ಇಂದಿನ ಯಾವ ಕಂಪ್ಯೂಟರಿಗೂ ಆಗದ ಕೆಲಸ. ಗುಣಿಸುತ್ತ ಹೋಗುವುದು ಸುಲಭ, ಬಂದ ದಾರಿಯಲ್ಲಿ ಮರಳುವುದು ಕಷ್ಟ. ಹಿಟ್ಟನ್ನು ಮತ್ತೆ ರಾಗಿ ಮಾಡಲು ಹೊರಟಂತೆ.

ಚಾಮರಾಜಪೇಟೆಯ ನಡುವಿನವನು

ಇಷ್ಟಾದರೂ ಸೀತೆಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಬಸವನಗುಡಿಯಿಂದ ಮಲ್ಲೇಶ್ವರಕ್ಕೆ ಹೋಗುವ ಕಾರ್ಡು ಚಾಮರಾಜಪೇಟೆಯಲ್ಲಿ ಒಬ್ಬ ಕಿಲಾಡಿಯ ಕೈಗೆ ಸಿಕ್ಕಿತು ಎನ್ನೋಣ. ಅವನು ಅಕ್ಕನ ಕಾರ್ಡನ್ನು ಇಟ್ಟುಕೊಂಡು, ತನ್ನದೇ ಸಂಖ್ಯೆ ಬರೆದು ತಮ್ಮನಿಗೆ ಕಳಿಸುತ್ತಾನೆ. ತಮ್ಮನ ಕಾರ್ಡಿಗೂ ಅದೇ ಗತಿ. ಅಕ್ಕನೊಂದಿಗೆ ಒಂದು ಗುಟ್ಟು, ತಮ್ಮನೊಂದಿಗೆ ಇನ್ನೊಂದು ಗುಟ್ಟು ಅವನದಾಗುತ್ತದೆ. ಆಮೇಲೆ ಬಂದ ಪ್ರತಿ ಕಾಗದವನ್ನೂ ಬಿಚ್ಚಿ, ಓದಿ, ಬೇಕಾದರೆ ತಿದ್ದಿ, ಮತ್ತೆ ಬೀಗ ಹಾಕಿ ಮುಂದಕ್ಕೆ ಕಳಿಸುತ್ತಾನೆ. ಬೀಗ ಗಟ್ಟಿಯಾಗಿಯೇ ಇದೆ, ಅಕ್ಕತಮ್ಮಂದಿರಿಬ್ಬರೂ ನೆಮ್ಮದಿಯಾಗಿದ್ದಾರೆ. ಗುಟ್ಟು ಮಾತ್ರ ಉಳಿದಿಲ್ಲ. ಗುರುತಿಲ್ಲದ ಗುಟ್ಟಿಗೆ ಬೆಲೆಯಿಲ್ಲ.

ಇದಕ್ಕೆ ಪರಿಹಾರ ಡಿಜಿಟಲ್ ಸಹಿ. 1977ರಲ್ಲಿ ರಿವೆಸ್ಟ್, ಶಮೀರ್, ಏಡ್ಲ್‌ಮನ್ ಎಂಬ ಮೂವರು ರೂಪಿಸಿದ ವಿಧಾನದಲ್ಲಿ ಸಹಿ ಹಾಕಲು ಬೇಕಾದ ಗುಟ್ಟು ಒಬ್ಬನಲ್ಲೇ ಇರುತ್ತದೆ, ಅದನ್ನು ಪರಿಶೀಲಿಸುವ ಉಪಾಯ ಎಲ್ಲರಿಗೂ ತಿಳಿದಿರುತ್ತದೆ. ಕಾರ್ಡಿನಲ್ಲಿ ಸಂಖ್ಯೆಯ ಜೊತೆಗೆ ಇಂಥ ಸಹಿಯೂ ಇದ್ದರೆ ನಡುವಿನವನ ಆಟ ನಡೆಯದು. ಆ ಸಹಿ ಇಂಥವರದೇ ಎಂದು ಹೇಳಲು ಎಲ್ಲರೂ ಒಪ್ಪಿದ ಒಬ್ಬರು ಬೇಕು. ಭಾರತದಲ್ಲಿ 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯಿದೆ ಡಿಜಿಟಲ್ ಸಹಿಗೆ ಮಾನ್ಯತೆ ಕೊಟ್ಟಿತು. ಪ್ರಮಾಣಪತ್ರ ಕೊಡುವ ಸಂಸ್ಥೆಗಳ ಮೇಲೆ ನಿಯಂತ್ರಕರೊಬ್ಬರನ್ನು ಇಟ್ಟಿತು. ಶಾಮಾಶಾಸ್ತ್ರಿಗಳು ಓಲೆಗರಿಯಲ್ಲಿ ಕಂಡ ಮುದ್ರಾಧ್ಯಕ್ಷ ಹೊಸ ವೇಷದಲ್ಲಿ ಮರಳಿ ಬಂದಂತಾಯಿತು.

ಸಹಿ, ಸಂಖ್ಯೆ, ಹೆಸರು ಎಲ್ಲ ಇದ್ದರೂ ಅವನ್ನು ಯಾವ ಕ್ರಮದಲ್ಲಿ ಕಳಿಸಬೇಕೆಂಬುದು ನಾಜೂಕಿನ ಕೆಲಸ. ರೋಜರ್ ನೀಡಮ್ ಮತ್ತು ಮೈಕೆಲ್ ಶ್ರೋಡರ್ 1978ರಲ್ಲಿ ಗುರುತು ಸಾಬೀತು ಮಾಡುವ ಒಂದು ಕ್ರಮವನ್ನು ಪ್ರಕಟಿಸಿದರು. ಕೆಲವೇ ಸಾಲುಗಳ ಕ್ರಮ. ತಜ್ಞರು 17 ವರ್ಷ ಅದನ್ನು ಓದಿ, ಪಾಠ ಹೇಳಿ, ಸರಿಯೆಂದೇ ನಂಬಿದ್ದರು. 1995ರಲ್ಲಿ ಗ್ಯಾವಿನ್ ಲೋ ಅದರಲ್ಲಿ ಬಿರುಕೊಂದನ್ನು ತೋರಿಸಿದ. ನಡುವಿನವನು ಒಬ್ಬರ ಉತ್ತರವನ್ನು ಇನ್ನೊಬ್ಬರ ಮುಂದಿಟ್ಟು ಬೇರೆಯವನಂತೆ ನಟಿಸಬಹುದಾಗಿತ್ತು. ಪರಿಹಾರವೂ ಸರಳವಾಗಿತ್ತು: ಉತ್ತರ ಕೊಡುವವರು ಅದರಲ್ಲಿ ತಮ್ಮ ಹೆಸರನ್ನೂ ಸೇರಿಸಬೇಕು. ಒಂದು ಹೆಸರು ಬಿಟ್ಟುಹೋದದ್ದಕ್ಕೆ 17 ವರ್ಷದ ಭ್ರಮೆ.

ಇನ್ನೊಂದು ಚಿಂತೆ ಮಿತವ್ಯಯದ್ದು. ಪ್ರತಿ ಕಾರ್ಡಿಗೂ ಸಮಯ ಬೇಕು, ಪ್ರತಿ ಗುಣಾಕಾರಕ್ಕೂ ಶಕ್ತಿ ಬೇಕು. ಡಿಫಿ, ವಾನ್ ಊರ್ಸ್ಕಾಟ್, ವೀನರ್ ಮೂವರೂ 1992ರಲ್ಲಿ ಗುಟ್ಟು ಮತ್ತು ಗುರುತು ಎರಡನ್ನೂ ಮೂರೇ ಸಂದೇಶಗಳಲ್ಲಿ ಮುಗಿಸುವ ಕ್ರಮವನ್ನು ವಿವರಿಸಿದರು. ನೀಲ್ ಕೊಬ್ಲಿಟ್ಜ್ ಮತ್ತು ವಿಕ್ಟರ್ ಮಿಲ್ಲರ್ 1985ರಲ್ಲಿ ಬೇರೆ ಬೇರೆಯಾಗಿ ಸೂಚಿಸಿದ ದೀರ್ಘವೃತ್ತೀಯ ವಕ್ರರೇಖೆಗಳ ಗಣಿತ ಸಂಖ್ಯೆಗಳನ್ನೂ ಚಿಕ್ಕದು ಮಾಡಿತು. ಹಳೆಯ ವಿಧಾನದಲ್ಲಿ 3,072 ಬಿಟ್ ಬೇಕಾದ ಭದ್ರತೆ ಇದರಲ್ಲಿ 256 ಬಿಟ್‌ಗೆ ಸಿಕ್ಕಿತು. ಅಂತರಜಾಲದ ತಾಣಗಳು ಬಳಸುವ ಟಿಎಲ್ಎಸ್ ಕ್ರಮದ 2018ರ ಆವೃತ್ತಿಯಲ್ಲಿ, ಒಂದು ಸಲ ಹೋಗಿ ಬರುವಷ್ಟರಲ್ಲಿ ಗುಟ್ಟೂ ಗುರುತೂ ಸಿದ್ಧವಾಗುತ್ತವೆ. ಹಿಂದಿನ ಆವೃತ್ತಿಗೆ ಎರಡು ಸಲ ಬೇಕಿತ್ತು. ಪ್ರತಿ ಮಾತುಕತೆಗೂ ಹೊಸ ಬೀಗದ ಕೈ. ಮುಗಿದ ಕೂಡಲೇ ಅದನ್ನು ಎಸೆಯುವುದು. ಆದ್ದರಿಂದ ಇಂದು ಸಹಿಯ ಗುಟ್ಟು ಕಳುವಾದರೂ ನಿನ್ನೆಯ ಮಾತು ಬಯಲಾಗದು. ಮುಂದೆ ಕ್ವಾಂಟಮ್ ಕಂಪ್ಯೂಟರುಗಳು ಈ ಗಣಿತವನ್ನೇ ಮುರಿಯಬಹುದೆಂದು ಪೀಟರ್ ಶೋರ್ 1994ರಲ್ಲಿ ತೋರಿಸಿದ್ದರಿಂದ, ಅದಕ್ಕೂ ತಡೆಯುವ ಹೊಸ ವಿಧಾನವೊಂದನ್ನು ಅಮೆರಿಕದ ಮಾನಕ ಸಂಸ್ಥೆ 2024ರಲ್ಲಿ ಅಂಗೀಕರಿಸಿತು.

ಕೊನೆಯ ಗಜ

ಗಾಂಧಿಬಜಾರಿನಲ್ಲಿ ಹೂವು ಕೊಂಡವರು ಫೋನಿನಿಂದ ಹಣ ಕಳಿಸುವಾಗ ಈ ಇತಿಹಾಸವೆಲ್ಲ ಕಣ್ಣು ಮಿಟುಕಿಸುವುದರೊಳಗೆ ನಡೆದುಹೋಗುತ್ತದೆ. ಕೊಳ್ಳುವವರ ಫೋನು, ಬ್ಯಾಂಕಿನ ಕಂಪ್ಯೂಟರು ಪರಸ್ಪರ ಗುರುತು ಹಿಡಿದು, ಹೊಸ ಗುಟ್ಟು ಹುಟ್ಟಿಸಿಕೊಂಡು, ಮಾತು ಮುಗಿಸುತ್ತವೆ. ಯಂತ್ರಕ್ಕೆ ಯಂತ್ರದ ಗುರುತು ಸಿಕ್ಕಿದೆ. ಮನುಷ್ಯನಿಗೆ ಮನುಷ್ಯನ ಗುರುತು ಸಿಗುವ ಕೊನೆಯ ಗಜದ ದಾರಿ ಮಾತ್ರ ಇನ್ನೂ ಕತ್ತಲಲ್ಲಿದೆ.

ಈಚಿನ ವರ್ಷಗಳಲ್ಲಿ ಹೆಚ್ಚಿರುವ ಮೋಸಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಮನೆಯಲ್ಲಿ ಒಂಟಿಯಾಗಿರುವ ಹಿರಿಯರಿಗೆ ಫೋನು ಬರುತ್ತದೆ. ಪರದೆಯ ಮೇಲೆ ಪೊಲೀಸ್ ಸಮವಸ್ತ್ರ, ಹಿಂದೆ ಇಲಾಖೆಯ ಲಾಂಛನ. ನಿಮ್ಮನ್ನು ಡಿಜಿಟಲ್ ಬಂಧನದಲ್ಲಿಟ್ಟಿದ್ದೇವೆ, ಯಾರಿಗೂ ಹೇಳಬೇಡಿ, ಹಣ ಕಳಿಸಿ ಎನ್ನುತ್ತದೆ ದನಿ. ಅಂಥ ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ. ಆ ಕರೆಯ ಬೀಗವನ್ನು ಯಾರೂ ಮುರಿದಿರುವುದಿಲ್ಲ; ಮಾತು ಗುಟ್ಟಾಗಿಯೇ ಸಾಗಿರುತ್ತದೆ. ಆದರೆ ಆ ತುದಿಯಲ್ಲಿರುವವನೇ ಕಳ್ಳ. ಯಾರಿಗೂ ಹೇಳಬೇಡಿ ಎಂಬ ಮಾತಿನ ಉದ್ದೇಶವೂ ಒಂದೇ: ಕೌಟಿಲ್ಯ ಹೇಳಿದ ಇನ್ನಿಬ್ಬರ ಸಾಕ್ಷಿ ಸಿಗದಂತೆ ಮಾಡುವುದು. ಒಂದು ಜೀವಮಾನದ ಉಳಿತಾಯ ಹೀಗೆ ಒಂದೇ ಮಧ್ಯಾಹ್ನದಲ್ಲಿ ಹೋಗಬಲ್ಲದು.

ನಮ್ಮಲ್ಲಿ ಅನುಮಾನ ಪಡುವುದು ಅಸಭ್ಯವೆಂಬ ಸಂಕೋಚವಿದೆ. ಅಧಿಕಾರದ ದನಿಯಲ್ಲಿ ಮಾತನಾಡಿದವರನ್ನು ನೀವು ಯಾರೆಂದು ಕೇಳಲು ಹಿರಿಯರೂ ಹಿಂಜರಿಯುತ್ತಾರೆ. ಅಶೋಕವನದಲ್ಲಿ ಸೀತೆ ಹಿಂಜರಿಯಲಿಲ್ಲ. ಎದುರಿಗೆ ನಿಂತವನು ನಿಜವಾದ ರಾಮದೂತನೇ ಆಗಿದ್ದರೂ ಅವಳು ಪರೀಕ್ಷಿಸಿದಳು. ಹನುಮಂತ ಅದಕ್ಕೆ ಮುನಿಸಿಕೊಳ್ಳಲೂ ಇಲ್ಲ. ಕೇಳಿದ ಒಂದೊಂದು ಪ್ರಶ್ನೆಗೂ ಕೈಮುಗಿದು ಉತ್ತರ ಕೊಟ್ಟ. ನಿಜವಾದ ದೂತ ಪರೀಕ್ಷೆಗೆ ಅಂಜುವುದಿಲ್ಲ. ಫೋನು ಇಟ್ಟು, ತಾವೇ ಠಾಣೆಗೋ ಬ್ಯಾಂಕಿಗೋ ಕರೆ ಮಾಡಿ, ಮಗನನ್ನೋ ನೆರೆಮನೆಯವರನ್ನೋ ಒಂದು ಮಾತು ಕೇಳುವಷ್ಟು ವ್ಯವಧಾನವಿದ್ದರೆ, ಆ ಕೊನೆಯ ಗಜಕ್ಕೂ ಬೆಳಕು ಸಿಗುತ್ತದೆ.